ಕವಡೆ ಹಾಕಿ ಹಂಚಿದ ಮದ್ದು

“ಗುರುಗಳೇ, ಒಂದೆಲಗದಿಂದ ನೆನಪು ಹೆಚ್ಚುತ್ತದೆ ಎಂದು ಹಿಂದಿನವರು ಬರೆದಿಟ್ಟಿದ್ದಾರೆ. ನಮ್ಮ ಅಜ್ಜಿಯರೂ ಅದನ್ನೇ ಹೇಳಿದರು. ಹೀಗಿರುವಾಗ ನಾವು ಅದನ್ನು ಮತ್ತೆ ಪರೀಕ್ಷೆ ಮಾಡುವುದೇಕೆ? ಹಿರಿಯರ ಮಾತು ನಂಬದಂತೆ ಆಗುವುದಿಲ್ಲವೆ?” ಎಂದು ಶಿಷ್ಯ ಕೇಳಿದ.

ಗುರುಗಳು ಅರೆಯುವ ಕಲ್ಲನ್ನು ಪಕ್ಕಕ್ಕೆ ಸರಿಸಿದರು. ಪ್ರಶ್ನೆ ಅವರಿಗೆ ಬಹಳ ಇಷ್ಟವಾಗಿತ್ತು.

“ಒಂದು ಸಂಗತಿ ಹೇಳುತ್ತೇನೆ, ಏನಾಗಿರಬಹುದು ಊಹಿಸು. ಒಬ್ಬ ವೈದ್ಯ ಇಪ್ಪತ್ತು ಮಂದಿ ಅರಳುಮರಳಾದ ಮುದುಕ ಮುದುಕಿಯರಿಗೆ ನಲವತ್ತು ದಿನ ಒಂದೆಲಗದ ಕಷಾಯ ಕುಡಿಸಿದ. ಹದಿನೇಳು ಮಂದಿಗೆ ನೆನಪು ಚುರುಕಾಯಿತು. ಆಮೇಲೆ ನೋಡಿದರೆ ಆ ಕಷಾಯದಲ್ಲಿ ಒಂದೆಲಗವೇ ಇರಲಿಲ್ಲ. ಏನಾಯಿತು, ಹೇಳು ನೋಡೋಣ?”

“ವೈದ್ಯನ ಕೈಗುಣ ಇರಬೇಕು.”

“ಅಲ್ಲ.”

“ದೇವರ ದಯೆ?”

“ದೇವರನ್ನು ಕೊನೆಗೆ ಇಟ್ಟುಕೋ. ಮೊದಲು ನಮ್ಮ ತಪ್ಪು ಎಲ್ಲಿದೆ ಅಂತ ಹುಡುಕೋಣ,” ಎಂದು ಗುರುಗಳು ನಕ್ಕು, ಗೋಡೆಗೆ ಒರಗಿ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನಿಗೆ ಒಬ್ಬಳು ಅಕ್ಕ. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಎತ್ತಿ ಆಡಿಸಿದವಳು, ಉಣ್ಣಿಸಿದವಳು, ಬೈದು ಬುದ್ಧಿ ಕಲಿಸಿದವಳು ಎಲ್ಲ ಅವಳೇ. ಗಂಡ ಹೋದ ಮೇಲೆ ಅವಳು ತಮ್ಮನ ಮನೆಗೇ ಬಂದಿದ್ದಳು. ವಯಸ್ಸಾಯಿತು. ಮೊದಲು ಒಲೆಯ ಮೇಲೆ ಹಾಲಿಟ್ಟದ್ದು ಮರೆತಳು. ಆಮೇಲೆ ಬಾವಿಯ ದಾರಿ ಮರೆತಳು. ಒಂದು ದಿನ ತಮ್ಮ ಕೊಟ್ಟ ನೀರನ್ನು ಕುಡಿದು, ಲೋಟ ಹಿಂದಕ್ಕೆ ಕೊಡುತ್ತ, “ಒಳ್ಳೇದಾಗಲಿ ವೈದ್ಯರೇ. ನಿಮ್ಮ ಮನೆ ಯಾವ ಕಡೆ?” ಎಂದು ಕೇಳಿದಳು.

ಅಂದಿನಿಂದ ವೈದ್ಯನಿಗೆ ಒಂದೇ ಹಂಬಲ. ಅಕ್ಕ ತನ್ನನ್ನು ಇನ್ನೊಂದು ಸಲ ಗುರುತಿಸಬೇಕು.

ಗ್ರಂಥಗಳನ್ನು ತೆಗೆದ. ಒಂದೆಲಗ ಎಂದಿತ್ತು. ನಾರುಬೇರು ಮಾರುವ ಒಬ್ಬ ವರ್ತಕನಿಗೆ ಹೇಳಿ ಒಣಗಿಸಿ ಕುಟ್ಟಿದ ಒಂದೆಲಗದ ಪುಡಿ ತರಿಸಿದ. ತನ್ನ ಅಕ್ಕನಿಗೆ ಮಾತ್ರ ಕೊಟ್ಟು ನೋಡಿದರೆ ಸಾಲದು, ಹತ್ತಾರು ಜನರಿಗೆ ಕೊಟ್ಟು ನೋಡಬೇಕು ಎನ್ನುವಷ್ಟು ತಿಳಿವಳಿಕೆ ಅವನಿಗಿತ್ತು. ಊರಿನಿಂದ ಹತ್ತೊಂಬತ್ತು ಮಂದಿಯನ್ನು ಸೇರಿಸಿದ. ಅಕ್ಕ ಇಪ್ಪತ್ತನೆಯವಳು. ದಿನವೂ ಬೆಳಿಗ್ಗೆ ಜಗಲಿಯಲ್ಲಿ ಸಾಲಾಗಿ ಕೂರಿಸಿ ಕಷಾಯ ಕುಡಿಸುವನು.

ಸರಿ, ಮದ್ದು ಕೊಟ್ಟ. ನೆನಪು ಬಂತೋ ಇಲ್ಲವೋ ತಿಳಿಯುವುದು ಹೇಗೆ? ನೀನಾಗಿದ್ದರೂ ಅದನ್ನೇ ಮಾಡುತ್ತಿದ್ದೆ, ನಾನಾಗಿದ್ದರೂ ಅದನ್ನೇ. ನಮ್ಮಲ್ಲಿ ನೆನಪು ಅಂದರೆ ಬಾಯಿಪಾಠ ತಾನೆ! ಮಗು ಜಾಣ ಅಂತ ತೋರಿಸಬೇಕಾದರೆ ನೆಂಟರ ಮುಂದೆ ನಿಲ್ಲಿಸಿ ಮಗ್ಗಿ ಹೇಳಿಸುತ್ತೇವೆ. ವೈದ್ಯನೂ ಹಾಗೆಯೇ ಮಾಡಿದ. ಕಷಾಯ ಕುಡಿದ ಮೇಲೆ ಒಬ್ಬೊಬ್ಬರಿಂದಲೂ ಅರವತ್ತು ಸಂವತ್ಸರಗಳ ಹೆಸರು ಹೇಳಿಸಿದ. ಪ್ರಭವ, ವಿಭವ, ಶುಕ್ಲ ಅಂತ ಶುರು ಮಾಡಬೇಕು, ತಪ್ಪಿಲ್ಲದೆ ಕೊನೆ ಮುಟ್ಟಿಸಬೇಕು. ಯಾರಾದರೂ ತಡವರಿಸಿದರೆ ತಾನೇ ಮುಂದಿನ ಹೆಸರು ಎತ್ತಿಕೊಡುವನು. ಪಾಪ, ಮುದುಕರು; ಸುಮ್ಮನೆ ಕಾಯಿಸುವುದಕ್ಕೆ ಮನಸ್ಸು ಬರುತ್ತಿರಲಿಲ್ಲ.

ಮೊದಲ ದಿನ ಅಕ್ಕ ಹನ್ನೊಂದು ಹೆಸರು ಹೇಳಿ ನಿಂತಳು. ಹತ್ತನೆಯ ದಿನ ಮೂವತ್ತಾಯಿತು. ನಲವತ್ತನೆಯ ದಿನ ಅರವತ್ತೂ ಹೇಳಿದಳು, ಅದೂ ರಾಗವಾಗಿ. ಇಪ್ಪತ್ತರಲ್ಲಿ ಹದಿನೇಳು ಮಂದಿ ಹಾಗೆ ಹೇಳಿದರು. ಊರಿಗೆ ಊರೇ ಜಗಲಿಯ ಮುಂದೆ ನೆರೆಯಿತು. ವರ್ತಕ ಎಲ್ಲರಿಗೂ ಬೆಲ್ಲ ಹಂಚಿದ.

ವೈದ್ಯನಿಗೆ ಕಣ್ಣು ತುಂಬಿ ಬಂತು. ಅಕ್ಕನ ಕೈ ಹಿಡಿದು, “ಅಕ್ಕಾ, ನಾನು ಯಾರು ಹೇಳು,” ಎಂದ.

ಅವಳು ಅವನ ಮುಖವನ್ನೇ ನೋಡಿದಳು. “ನೀವು ಸಂವತ್ಸರ ಕೇಳೋರು ಅಲ್ವೆ?” ಎಂದಳು.

ಸೇರಿದವರು ನಕ್ಕರು. ಅವನಿಗೆ ನಗು ಬರಲಿಲ್ಲ.

ಜನರೆಲ್ಲ ಹೋದ ಮೇಲೆ ಒಬ್ಬ ಕುಂಬಾರಗಿತ್ತಿ ಅಲ್ಲೇ ಉಳಿದಳು. ಮಣ್ಣಿಗಾಗಿ ದಿನವೂ ಕೆರೆಗೆ ಇಳಿಯುವವಳು. ಅವಳು ಕೇಳಿದಳು, “ಸ್ವಾಮಿ, ಕೆರೆ ಒಣಗಿ ಬಿರುಕು ಬಿಟ್ಟು ಮೂರು ತಿಂಗಳಾಯ್ತು. ಒಂದೆಲಗ ಇರಲಿ, ಹುಲ್ಲುಕಡ್ಡೀನೂ ಇಲ್ಲ. ಆ ಯಪ್ಪ ಇಷ್ಟು ಪುಡಿ ಎಲ್ಲಿಂದ ತಂದ?”

ವೈದ್ಯ ವರ್ತಕನನ್ನು ಕರೆಸಿ ಕೇಳಿದ. ವರ್ತಕ ಮುಚ್ಚಿಡಲಿಲ್ಲ. “ಒಂದೆಲಗ ಸಿಗಲಿಲ್ಲ ಸ್ವಾಮಿ. ದಂಟಿನ ಸೊಪ್ಪು ಒಣಗಿಸಿ ಕುಟ್ಟಿ ಕೊಟ್ಟೆ. ಹೇಗೂ ಗುಣ ಆಯ್ತಲ್ಲ, ಈಗ ಯಾಕೆ ಕೆದಕ್ತೀರಿ?” ಎಂದ.

“ಈಗ ತಿಳಿಯಿತೆ ಏನಾಯಿತು ಅಂತ?” ಎಂದು ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

“ತಿಳಿಯಿತು. ನಲವತ್ತು ದಿನ ದಿನವೂ ಹೇಳಿಸಿದರೆ, ಎತ್ತಿಕೊಟ್ಟರೆ, ಚಿಕ್ಕಂದಿನಲ್ಲಿ ಕಲಿತದ್ದು ಯಾರಿಗಾದರೂ ಬಾಯಿಗೆ ಬರುತ್ತದೆ. ಅದು ಪಾಠದ ಫಲ, ಮದ್ದಿನದಲ್ಲ.”

“ಭೇಷ್. ಆದರೆ ಕತೆ ಮುಗಿಯಿತು ಅಂತ ಏಳಬೇಡ. ನಾನು ಹೇಳಬೇಕೆಂದದ್ದು ಇನ್ನು ಮುಂದೆ ಇದೆ.”

ಮಳೆ ಬಂತು. ಕೆರೆ ತುಂಬಿತು. ಅಂಚಿನಲ್ಲಿ ಒಂದೆಲಗ ಹಬ್ಬಿತು. ವೈದ್ಯ ಈ ಸಲ ತಾನೇ ಹೋಗಿ ಕಣ್ಣಾರೆ ನೋಡಿ ಕಿತ್ತು ತಂದ. ಎರಡು ಕೊಡ ಇಡಿಸಿದ. ಒಂದರಲ್ಲಿ ಒಂದೆಲಗದ ರಸ, ಇನ್ನೊಂದರಲ್ಲಿ ದಂಟಿನ ಸೊಪ್ಪಿನ ರಸ. ಎರಡಕ್ಕೂ ಒಂದೇ ಬಣ್ಣ ಒಂದೇ ರುಚಿ ಬರುವ ಹಾಗೆ ಬೆಲ್ಲ, ತುಪ್ಪ, ಮೆಣಸು ಸೇರಿಸಿದ್ದು. ದಿನವೂ ತುಂಬುವ ಕೆಲಸವನ್ನು ಕುಂಬಾರಗಿತ್ತಿಗೆ ಒಪ್ಪಿಸಿದ. ಯಾವ ಕೊಡದಲ್ಲಿ ಏನಿದೆ ಅನ್ನುವುದು ಅವಳೊಬ್ಬಳಿಗೆ ಗೊತ್ತು. “ನಾನು ಬೇಡಿಕೊಂಡರೂ ಹೇಳಬೇಡ,” ಎಂದು ಅವಳಿಂದ ಮಾತು ತೆಗೆದುಕೊಂಡ.

“ಬೇಡ್ಕೊಂಡು ನೋಡಿ, ಆಗ ಗೊತ್ತಾಗುತ್ತೆ,” ಎಂದಳು ಅವಳು.

ಯಾರಿಗೆ ಯಾವ ಕೊಡ? ಅದನ್ನೂ ತಾನು ಆರಿಸಲಿಲ್ಲ. ಒಬ್ಬೊಬ್ಬರ ಹೆಸರಿಗೂ ಒಂದು ಕವಡೆ ಎಸೆದ. ಬಾಯಿ ಮೇಲಾದರೆ ಎಡದ ಕೊಡ, ಬೆನ್ನು ಮೇಲಾದರೆ ಬಲದ ಕೊಡ. ಒಂದು ಕೊಡಕ್ಕೆ ಹತ್ತು ಮಂದಿ ತುಂಬಿದ ಮೇಲೆ ಉಳಿದವರು ಇನ್ನೊಂದಕ್ಕೆ. ಯಾರಿಗೆ ಯಾವ ಕೊಡ ಬಿತ್ತು ಅನ್ನುವುದನ್ನು ಕುಂಬಾರಗಿತ್ತಿಗೆ ತಿಳಿಸಲಿಲ್ಲ.

ಅಕ್ಕನ ಸರದಿ ಬಂದಾಗ ವರ್ತಕ ಅವನ ಕೈ ಹಿಡಿದ. ಎಷ್ಟೆಂದರೂ ಅವನೂ ಮನುಷ್ಯ, ಅಕ್ಕನ ಕೈಯಿಂದ ಮಜ್ಜಿಗೆ ಕುಡಿದವನು.

“ಹೆತ್ತ ತಾಯಿಗಿಂತ ಹೆಚ್ಚಾದವರಿಗೂ ಕವಡೆ ಎಸೀತೀರಾ? ಅವರಿಗೊಬ್ಬರಿಗೆ ಒಂದೆಲಗಾನೇ ಕೊಟ್ಟುಬಿಡಿ ಸ್ವಾಮಿ. ಯಾರು ಕೇಳ್ತಾರೆ?”

“ಅದು ಮದ್ದು ಅಂತ ನನಗೆ ಗೊತ್ತಿದ್ದರೆ ಇಪ್ಪತ್ತು ಮಂದಿಗೂ ಅದನ್ನೇ ಕೊಡುತ್ತಿದ್ದೆ. ಗೊತ್ತಿಲ್ಲ. ಆಸೆ ಇದೆ, ಅಷ್ಟೇ. ಆಸೆಯನ್ನು ಅಕ್ಕನಿಗೆ ಕುಡಿಸಿ ಒಂದು ಸಲ ನೋಡಿದ್ದಾಯಿತಲ್ಲ,” ಎಂದು ವೈದ್ಯ ಕವಡೆ ಎಸೆದ. ಬಾಯಿ ಮೇಲಾಗಿ ಬಿತ್ತು.

ಸಂವತ್ಸರ ಹೇಳಿಸುವುದನ್ನು ಬಿಟ್ಟ. ಎರಡು ತಿಂಗಳಾದ ಮೇಲೆ ಒಂದೇ ಒಂದು ಪ್ರಶ್ನೆ ಕೇಳುವುದೆಂದು ಮೊದಲೇ ಗೊತ್ತು ಮಾಡಿದ. ಅದು ಮನೆಯವರೆಲ್ಲ ಕಾದು ಕೂತಿದ್ದ ಪ್ರಶ್ನೆ. ಮಗಳೋ ಮಗನೋ ಹೆಂಡತಿಯೋ, ಮರೆತುಹೋದ ಒಬ್ಬರನ್ನು ಎದುರಿಗೆ ನಿಲ್ಲಿಸಿ “ಇವರು ಯಾರು?” ಎಂದು ಕೇಳಬೇಕು. ಯಾರೂ ಎತ್ತಿಕೊಡಬಾರದು. ಹೇಳಿದರೆ ಹೇಳಿದರು, ಇಲ್ಲದಿದ್ದರೆ ಇಲ್ಲ. ಅವನು ಅಷ್ಟು ಕಟ್ಟುನಿಟ್ಟಾಗಿದ್ದ. ಆದರೆ ಕೇಳುವ ದಿನ ಎಲ್ಲರಿಗೂ ಒಂದೇ ಇರಬೇಕು ಅನ್ನುವುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಎರಡು ತಿಂಗಳಾಯಿತು. ವೈದ್ಯ, ಕುಂಬಾರಗಿತ್ತಿ ಮನೆಮನೆಗೆ ಹೋದರು. ಒಬ್ಬ ಅಗಸ ತನ್ನ ಹೆಂಡತಿಯನ್ನು ಗುರುತಿಸಿ, “ಇವಳನ್ನು ಮರೆಯೋಕಾಗುತ್ತಾ, ಬಿಡ್ತಾಳಾ ಇವಳು?” ಎಂದ. ಒಬ್ಬ ಮುದುಕಿ ಮಗನನ್ನು ನೋಡಿ ಕಳ್ಳ ಬಂದ ಎಂದು ಕೂಗಿಕೊಂಡಳು. ಹತ್ತೊಂಬತ್ತು ಮನೆ ಮುಗಿಯಿತು. ಗುರುತಿಸಿದವರು ಆರು ಮಂದಿ.

ಉಳಿದದ್ದು ವೈದ್ಯನ ಮನೆ. ಇವತ್ತು ಬೇಡ, ಅಕ್ಕನಿಗೆ ಶೀತ ಎಂದ. ಇವತ್ತು ಬೇಡ, ರಾತ್ರಿ ನಿದ್ದೆ ಮಾಡಿಲ್ಲ ಎಂದ. ಊರಿಗೆಲ್ಲ ಪ್ರಶ್ನೆ ಕೇಳಿ ಬಂದವನಿಗೆ ತನ್ನ ಹೊಸಿಲ ಹತ್ತಿರ ಕಾಲು ಏಳಲಿಲ್ಲ. ಹೀಗೆ ಎಂಟು ದಿನ ಹೋಯಿತು. ಒಂಬತ್ತನೆಯ ದಿನ ಕುಂಬಾರಗಿತ್ತಿ ತಾನೇ ಬಂದು, “ಏಳಿ ಸ್ವಾಮಿ, ಇನ್ನು ತಪ್ಪಿಸ್ಕೊಂಡಿದ್ದು ಸಾಕು,” ಎಂದು ಒಳಗೆ ಕರೆದುಕೊಂಡು ಹೋದಳು.

ಅಕ್ಕ ನಡುಮನೆಯಲ್ಲಿ ಕೂತಿದ್ದಳು. ವೈದ್ಯ ಎದುರಿಗೆ ನಿಂತ.

“ಅಮ್ಮಾ, ಇವರು ಯಾರು?” ಎಂದು ಕುಂಬಾರಗಿತ್ತಿ ಕೇಳಿದಳು.

“ಇದೆಂಥಾ ಕೇಳೋದು ನೀನು? ನಮ್ಮ ಗುಂಡ ಅಲ್ವೇನೆ!” ಎಂದಳು ಅಕ್ಕ. ಆ ಹೆಸರಿನಿಂದ ಅವನನ್ನು ಕರೆಯುವವರು ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. “ಲೋ ಗುಂಡ, ಕಂಬದ ಹಾಗೆ ನಿಂತಿದೀಯಲ್ಲ! ಕೈಕಾಲು ತೊಳ್ಕೊಂಡು ಬಾ, ಊಟಕ್ಕೆ ಕೂತ್ಕೋ. ಎಷ್ಟು ಹೊತ್ತಿಂದ ಕಾಯ್ತಾ ಇದೀನಿ.”

ಅವನು ಕೈಕಾಲು ತೊಳೆದು ಬಂದು ಕೂತ. ಅಕ್ಕ ಬಡಿಸಿದಳು. ಇನ್ನೊಂದಿಷ್ಟು ಹಾಕ್ತೀನಿ, ಸೊರಗಿದೀಯ ಎಂದಳು. ಅವನು ತಲೆ ತಗ್ಗಿಸಿ ಉಂಡ. ಕುಂಬಾರಗಿತ್ತಿ ಬಾಗಿಲ ಕಡೆಗೆ ಮುಖ ತಿರುಗಿಸಿ ನಿಂತಳು.

ಮರುದಿನ ಊರಿನ ಹಿರಿಯರ ಎದುರಿಗೆ ಅವಳು ಗುಟ್ಟು ಬಿಟ್ಟಳು. ಎಡದ ಕೊಡದಲ್ಲಿದ್ದದ್ದು ಒಂದೆಲಗ. ಅದನ್ನು ಕುಡಿದ ಹತ್ತು ಮಂದಿಯಲ್ಲಿ ನಾಲ್ವರು ತಮ್ಮವರನ್ನು ಗುರುತಿಸಿದ್ದರು. ದಂಟಿನ ಸೊಪ್ಪು ಕುಡಿದವರಲ್ಲಿ ಮೂವರು. ಅಕ್ಕ ಕುಡಿದದ್ದು ಎಡದ ಕೊಡದಿಂದ. ಅವಳೇ ನಾಲ್ಕನೆಯವಳು.

ವರ್ತಕ ಎದ್ದು ನಿಂತ. “ಗೆದ್ದಿರಿ ಸ್ವಾಮಿ! ಒಂದಾದರೂ ಹೆಚ್ಚೇ ತಾನೆ. ಡಂಗುರ ಹೊಡೆಸೋಣ.” ಹಿರಿಯರೂ ತಲೆದೂಗಿದರು. ವೈದ್ಯ ಹೂಂ ಎಂದಿದ್ದರೆ ಸಾಕಿತ್ತು. ಅವನ ಹೆಸರು ನಾಡಿನಲ್ಲೆಲ್ಲ ಹರಡುತ್ತಿತ್ತು. ನಿನ್ನ ಪುಸ್ತಕದಲ್ಲೂ ಇರುತ್ತಿತ್ತು.

ವೈದ್ಯ ತಾಳೆಗರಿ ತೆಗೆದುಕೊಂಡ. ನಾಲ್ಕು ಎಂದು ಬರೆದ, ಮೂರು ಎಂದು ಬರೆದ. ನಾಲ್ಕನೆಯವಳ ಪಕ್ಕದಲ್ಲಿ ಇನ್ನೊಂದು ಸಾಲು ಬರೆದ. ಬರೆಯುವ ಕಬ್ಬಿಣದ ಕಂಟವನ್ನು ಕೆಳಗಿಟ್ಟು, “ಒಂದೆಲಗ ಕೆಲಸ ಮಾಡಿತು ಅಂತ ಹೇಳಲಾರೆ. ಮಾಡಲಿಲ್ಲ ಅಂತಲೂ ಹೇಳಲಾರೆ. ಮುಂದಿನ ಮಳೆಗಾಲಕ್ಕೆ ಇನ್ನೂ ಹೆಚ್ಚು ಜನರನ್ನು ಸೇರಿಸಿ ಮೊದಲಿಂದ ನೋಡೋಣ,” ಎಂದ.

ವರ್ತಕನಿಗೆ ರೇಗಿತು. “ನಿಮ್ಮಕ್ಕ ನಿಮ್ಮನ್ನು ಹೆಸರು ಹಿಡಿದು ಕರೆದರಲ್ಲ! ಇನ್ನೇನು ಬೇಕು ನಿಮಗೆ?”

“ನನಗೆ ಇನ್ನೇನೂ ಬೇಡ,” ಎಂದ ವೈದ್ಯ. “ನಾಳೆ ಈ ಗರಿ ಓದಿ ತಮ್ಮ ಅಕ್ಕನಿಗೆ ಮದ್ದು ಅರೆಯುವವರಿಗೆ ಬೇಕು.”

ಗುರುಗಳು ಮತ್ತೆ ಕಲ್ಲನ್ನು ಎದುರಿಗೆ ಎಳೆದುಕೊಂಡರು. ಶಿಷ್ಯ ಏಳಲಿಲ್ಲ. ಅವನಿಗೆ ವರ್ತಕನ ಮಾತೇ ಸರಿ ಎನ್ನಿಸಿತ್ತು.

“ಗುರುಗಳೇ, ನಿಯಮವನ್ನು ಅವನೇ ಮಾಡಿದ. ಅಕ್ಕ ಒಂದೆಲಗ ಕುಡಿದದ್ದು ನಿಜ, ಯಾರೂ ಎತ್ತಿಕೊಡದೆ ಅವನ ಹೆಸರು ಹೇಳಿದ್ದೂ ನಿಜ. ಮತ್ತೇಕೆ ಅವನು ಒಪ್ಪಲಿಲ್ಲ? ಪಕ್ಕದಲ್ಲಿ ಅಂಥದ್ದೇನು ಬರೆದ?”

ಗುರುಗಳು ಹೇಳಿದರು: “ಅವಳು ಗುರುತಿಸಿದ್ದು ಯಾವ ದಿನ ಅನ್ನುವುದನ್ನು ಬರೆದ: ಕಾರ್ತಿಕ ಶುದ್ಧ ಬಿದಿಗೆ, ಗುರುವಾರ, ಮನೆಮನೆಯಲ್ಲೂ ಅಕ್ಕತಂಗಿಯರು ಅಣ್ಣತಮ್ಮಂದಿರನ್ನು ಕರೆದು ಕೂರಿಸಿ ಉಣ್ಣಿಸುವ ದಿನ.”