ಅಲುಗದ ಗೋಡೆ, ಒಡೆದ ಗಾಜು

“ಗಣಿ ಶುರುವಾದ ದಿನದಿಂದ ಇಲ್ಲಿನ ಬಂಗಲೆಗಳನ್ನು ಹೊತ್ತು ನಿಂತ ಮನೆತನ ನಮ್ಮದು. ನಮ್ಮಲ್ಲಿ ಯಾರೂ ಅಲುಗಿದವರಲ್ಲ,” ಎಂದಿತು ಗಣಿ ಬಂಗಲೆಯ ಗೋಡೆ. ಅದರ ಬಿರುಕಿಗೆ ಅಡ್ಡಲಾಗಿ, ನೆಲಕುಸಿತದ ಸಂಶೋಧಕಿ ಒಂದು ಗಾಜಿನ ಪಟ್ಟಿ ಅಂಟಿಸಿದ್ದಳು.

“ತಾವು ಕೂದಲೆಳೆಯಷ್ಟು ಸರಿದರೂ ನಾನು ಒಡೆಯಬೇಕು, ಅಮ್ಮಾವ್ರೇ. ಅದೇ ನನ್ನ ಕೆಲಸ,” ಎಂದಿತು ಗಾಜು.

“ಹಾಗಾದರೆ ನಿನಗೆ ಇಲ್ಲಿ ಕೆಲಸವಿಲ್ಲ.”

ಮಧ್ಯಾಹ್ನ ನೆಲದಡಿಯ ಹಳೆಯ ಸುರಂಗ ಕುಸಿಯತೊಡಗಿತು. ಗಾಜು ಚಟ್ಟನೆ ಒಡೆಯಿತು. ಅದನ್ನು ಕಂಡ ಸಂಶೋಧಕಿ, ಊಟಕ್ಕೆ ಕೂತಿದ್ದ ಮನೆಯವರನ್ನು ಕೈ ತೊಳೆಯಲೂ ಬಿಡದೆ ಹೊರಗೆ ಕಳಿಸಿದಳು. ಅವರು ಗೇಟು ದಾಟುತ್ತಲೇ ಗೋಡೆ ಮಗುಚಿ ಬಿತ್ತು.

ಅಂಗಳದಲ್ಲಿ ಅಂಗಾತ ಮಲಗಿದ್ದ ಗೋಡೆ, ಪಕ್ಕದಲ್ಲಿದ್ದ ಗಾಜಿನ ಚೂರಿಗೆ ಹೇಳಿತು: “ನಾನು ಅಲುಗಿದೆನೆಂದು ನೀನು ಎಲ್ಲರೆದುರು ಹೇಳಿಬಿಟ್ಟೆ. ಕ್ಷಮೆ ಕೇಳು.”