ಕೆಂಗಲಕೋಟೆಯ ಅರೆಮೆಟ್ಟಿಲ ಬಾವಿ

ಕೆಂಗಲಕೋಟೆಯ ಪಡುವಣ ಬಾಗಿಲು ದಾಟಿ, ಜಾಲಿಕಂಟಿಗಳ ನಡುವೆ ನೂರು ಹೆಜ್ಜೆ ನಡೆದರೆ ನೆಲ ಒಮ್ಮೆಲೇ ಬಾಯಿ ತೆರೆದಂತೆ ಬಾವಿಯೊಂದು ಎದುರಾಗುತ್ತದೆ. ಕಟ್ಟೆಯಿಲ್ಲ, ಕಂಬವಿಲ್ಲ; ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ನೇರ ಕೆಳಕ್ಕೆ ಇಳಿಯುತ್ತವೆ. ಊರೂರು ತಿರುಗುವವನು ನಾನು, ನೀರು ಕುಡಿದ ಬಾವಿಗಳಿಗೆ ಲೆಕ್ಕವಿಲ್ಲ. ಆದರೆ ಇಂಥ ಮೆಟ್ಟಿಲನ್ನು ಬೇರೆಲ್ಲೂ ಕಂಡಿಲ್ಲ. ಒಂದು ಗೇಣೆತ್ತರವಿದ್ದರೆ ಮುಂದಿನದು ಮೊಣಕಾಲೆತ್ತರ, ಅದರ ಮುಂದಿನದು ನಾಲ್ಕೇ ಬೆರಳು. ಒಂದೊಂದೂ ಒಂದೊಂದು ದಿನದ ಕೆಲಸ. ಆ ದಿನ ಕಲ್ಲು ಎಷ್ಟು ಬಗ್ಗಿತೋ ಅಷ್ಟೇ ಮೆಟ್ಟಿಲು. ಊರವರು ಇದನ್ನು ಅರೆಮೆಟ್ಟಿಲ ಬಾವಿ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಕೋಟೆಗೆ ತನ್ನದೇ ನವಾಬನಿದ್ದ. ತೊಟ್ಟಿಲ ಕೂಸೊಂದನ್ನು ಬಿಟ್ಟು ಅವನು ತೀರಿಕೊಂಡ. ಅವನನ್ನು ಮಣ್ಣು ಮಾಡಿದ ದಿನವೇ ಕೋಟೆಯ ಹಳೆಯ ಬಾವಿಯೂ ಬತ್ತಿತು. ಕೂಸಿನ ಹೆಸರಿನಲ್ಲಿ ಆಳುವವರು ಯಾರು ಎಂದು ಮೂವರು ಸರದಾರರಲ್ಲಿ ಜಗಳ ಹತ್ತಿತು. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆಯಿಲ್ಲ. ಕೊನೆಗೆ ಅವರಲ್ಲಿ ಹಿರಿಯನಾದ ದಾವೂದಖಾನ ಕಾವಲಿನ ಮುಖಂಡ ಸಿದ್ದಿ ಬಖೀತನತ್ತ ಬೆರಳು ಮಾಡಿದ. ಬಖೀತ ಸಮುದ್ರದಾಚೆಯ ಹಬಶಿ ದೇಶದಲ್ಲಿ ಹುಟ್ಟಿ, ಹಾಲುಹಲ್ಲು ಬೀಳುವ ವಯಸ್ಸಿಗೇ ಹಡಗಿನಲ್ಲಿ ಮಾರಾಟವಾಗಿ ಬಂದು, ಲಾಯದ ಲದ್ದಿ ಎತ್ತುತ್ತ ಎತ್ತುತ್ತ ಮೇಲೆ ಬಂದವನು. "ಹೆಂಡ್ರಿಲ್ಲ, ಮಕ್ಕಳಿಲ್ಲ, ಊರು ಸಮುದ್ರದ ಆ ದಂಡಿಗೈತಿ. ಯಾರಿಗಂತ ಗಳಿಸ್ಯಾನು? ನವಾಬರ ಮುದ್ರಿ ಉಂಗುರ ಇವನ ಕೈಯಾಗಿರಲಿ," ಎಂದ ಖಾನ. ಆದರೆ ಕಾಗದದಲ್ಲಿ ಒಂದು ಮಾತು ಬರೆಸಿದ: ಪಡುವಣ ಬಾಗಿಲಾಚೆ ತೋಡಲಿರುವ ಹೊಸ ಬಾವಿಯಲ್ಲಿ ನೀರು ಕಾಣುವ ಗಳಿಗೆಯವರೆಗೆ ಮಾತ್ರ. ಅಷ್ಟರಲ್ಲಿ ಉಳಿದಿಬ್ಬರನ್ನು ಒಲಿಸಿಕೊಳ್ಳುವುದು ಅವನ ಎಣಿಕೆ.

ಆಗ ಎರಡು ಹರದಾರಿ ದೂರದ ಹೊಳೆಯಿಂದ ಬಂಡಿಗಳಲ್ಲಿ ನೀರು ಬರುತ್ತಿತ್ತು. ಬಂಡಿ ಮೊದಲು ಸರದಾರರ ವಾಡೆಗಳ ಮುಂದೆ ನಿಲ್ಲುವುದು ರೂಢಿ. ಬಖೀತ ಅದನ್ನು ಕೋಟೆ ಬಾಗಿಲಲ್ಲೇ ನಿಲ್ಲಿಸಿ ಊರಿಗೆಲ್ಲ ಒಂದೇ ಸಾಲು ಮಾಡಿದ. ಖಾನನ ಮನೆಯ ಆಳುಮಗಳು ಕುಂಬಾರಗಿತ್ತಿಯರ ಹಿಂದೆ ನಿಂತಳು. "ಯಾಕವಾ, ಖಾನಸಾಹೇಬ್ರ ಕೊಡಕ್ಕೂ ನಿಂತು ನಿಂತು ಕಾಲು ನೋಯಾಕತ್ತಾವೇನು?" ಎಂದು ಒಬ್ಬಳು ಕೇಳಿದ್ದಕ್ಕೆ ಇಡೀ ಸಾಲು ನಕ್ಕಿತಂತೆ. ಆ ನಗೆ ವಾಡೆಯವರೆಗೂ ಹೋಯಿತು. ಅಂದಿನಿಂದ ದಿನಾ ಇಳಿಹೊತ್ತಿಗೆ ಖಾನನ ಸವಾರನೊಬ್ಬ ಬಾವಿಯ ಅಂಚಿಗೆ ಬಂದು, ಬಗ್ಗಿ ನೋಡಿ ಮರಳುತ್ತಿದ್ದ. ಅವನು ಏನು ನೋಡಲು ಬರುತ್ತಾನೆಂಬುದು ಕಲ್ಲು ಕಡಿಯುವವರಿಗೆಲ್ಲ ಗೊತ್ತಿತ್ತು.

ಎಪ್ಪತ್ತನೆಯ ಮೆಟ್ಟಿಲು ಮುಗಿದ ದಿನ ಒಡ್ಡರ ಹಿರಿಯ ತಿಪ್ಪಣ್ಣ ಬಖೀತನ ಬಳಿ ಬಂದ. "ಸಾಹೇಬ್ರ, ಬಡಗ ದಿಕ್ಕಿನ ಕಲ್ಲು ಬೆವರಾಕತ್ತೈತ್ರಿ, ನೀರು ಹತ್ರ ಐತಿ. ತೆಂಕ ಕಡೆ ಹೊಳ್ಳಿದ್ರ ಇನ್ನೊಂದು ವರ್ಷ ಬರೇ ಒಣಗಲ್ಲು, ಮುದ್ರಿ ನಿಮ್ಮ ಕೈಯಾಗ ಉಳಿತೈತಿ. ಹೂಂ ಅನ್ರಿ, ಹೊಳ್ಳತೀವಿ." ಬಖೀತ ಕೋಟೆ ಬಾಗಿಲ ಸಾಲಿನತ್ತ ಕೈ ಮಾಡಿದ. "ಆ ಹೆಣ್ಮಕ್ಕಳಿಗೆ ಏನಂತ ಹೇಳಲಿ, ತಿಪ್ಪಣ್ಣ? ಬೆವರಿದ ಕಲ್ಲನ್ನೇ ಕಡಿ," ಎಂದ.

ಎಪ್ಪತ್ತಮೂರನೆಯ ಮೆಟ್ಟಿಲು ಅರ್ಧವಾಗಿದ್ದಾಗ, ನೆತ್ತಿಯ ಮೇಲೆ ಬಿಸಿಲಿದ್ದ ಹೊತ್ತಿನಲ್ಲಿ, ನೀರು ಚಿಮ್ಮಿತು. ಯಾವ ಊರಲ್ಲಿ ಬಾವಿ ತೋಡಿದರೂ ಮೊದಲ ಕೊಡವನ್ನು ಆ ಊರಾಳುವವನ ಕೈಗೆ ಕೊಡುವುದು ಒಡ್ಡರ ಪದ್ಧತಿ. ಇಲ್ಲವಾದರೆ ನೀರು ನಿಲ್ಲದು ಎನ್ನುತ್ತಾರೆ. ಸಂಭ್ರಮದಲ್ಲಿ ತಿಪ್ಪಣ್ಣನಿಗೆ ಕಾಗದ ನೆನಪಾಗಲಿಲ್ಲ. ಅಷ್ಟೂ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ, ಕೂಗು ಕೇಳಿ ನೆರೆದ ಊರಿನ ಮುಂದೆ, ಕೊಡವನ್ನು ಬಖೀತನಿಗೆ ಹಿಡಿದ. ಸವಾರರೊಡನೆ ಖಾನ ಆಗಲೇ ಬಂದು ನಿಂತಿದ್ದ. "ನೀರು ಕಂಡಾತು. ಈಗ ಊರಾಳೋದು ತೊಟ್ಟಿಲ ಕೂಸು," ಎಂದ ಅವನು, ಮೆಲ್ಲಗೆ. "ಮತ್ತ ಇವಾ ಯಾರಿಗೆ ನವಾಬಗಿರಿ ಕೊಡಾಕತ್ತಾನ?"

ಬಖೀತ ಒಲ್ಲೆನೆಂದರೆ ಕೊಡ ತಂದವನ ತಲೆ ಹೋಗುತ್ತದೆ, ಕುಡಿದರೆ ತನ್ನದು. ಅವನು ಎರಡೂ ಕೈಯಲ್ಲಿ ಕೊಡ ಇಸಿದುಕೊಂಡ. "ನಾನೇ ತರಿಸೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕುಡಿದ. ಬಾಯಿ ಒರೆಸಿಕೊಂಡು ಕೊಡವನ್ನು ತಿಪ್ಪಣ್ಣನಿಗೆ ಮರಳಿಸಿದ. "ಸಿಹಿ ಐತಿ. ಎಲ್ಲಾರಿಗೂ ಕೊಡು."

ಸವಾರರು ಅವನ ಬೆರಳಿನ ಮುದ್ರೆ ಕಳಚಿ, ಕುದುರೆ ಹತ್ತಿಸಿ ಜಾಲಿಕಂಟಿಗಳಾಚೆ ಕರೆದೊಯ್ದರು. ಹೊತ್ತು ಮುಳುಗುವ ಮುನ್ನ ಕುದುರೆಗಳೆಲ್ಲ ಮರಳಿದವು. ಒಂದರ ಜೀನು ಬರಿದಾಗಿತ್ತು. ಉಳಿದರ್ಧ ಮೆಟ್ಟಿಲು ಕಡಿಯಲೆಂದು ತಿಪ್ಪಣ್ಣ ಇಳಿದರೆ ಅದರ ಮೇಲೆ ಆಗಲೇ ಎದೆಮಟ್ಟ ನೀರು. ಮರುದಿನ ಒಡ್ಡರ ಗುಡಿಸಲುಗಳಲ್ಲಿ ಒಬ್ಬರೂ ಇರಲಿಲ್ಲ. ಮುದ್ರೆ ಖಾನನ ಬೆರಳಿಗೇರಿತು. ತೊಟ್ಟಿಲ ಕೂಸು ಎದ್ದು ನಡೆದದ್ದನ್ನು ಮಾತ್ರ ಕೆಂಗಲಕೋಟೆಯಲ್ಲಿ ಯಾರೂ ಕಾಣಲಿಲ್ಲ ಎನ್ನುತ್ತಾರೆ.

ಇಂದಿಗೂ ಬೇಸಿಗೆಯಲ್ಲಿ ನೀರು ತಗ್ಗಿದಾಗ ಎಪ್ಪತ್ತೆರಡು ಮೆಟ್ಟಿಲಿಳಿದರೆ ಆ ಅರ್ಧ ಕಾಣುತ್ತದೆ. ಎಡಕ್ಕೆ ಉಳಿಯ ಗೆರೆಗಳು, ಬಲಕ್ಕೆ ಉಳಿ ತಾಗದ ಬಂಡೆ. ನೀರಿಗೆ ಬಂದವರು ಮೊದಲ ಕೊಡವನ್ನು ಬಖೀತನ ಪಾಲೆಂದು ಅಲ್ಲೇ ಸುರಿದು ಎರಡನೆಯದನ್ನು ಹೊತ್ತು ತರುತ್ತಾರೆ. ಒಮ್ಮೆ ಚುನಾವಣೆಯಲ್ಲಿ ಗೆದ್ದ ಗೌಡನೊಬ್ಬ, ಇನ್ನು ಮೊದಲ ಕೊಡ ತನ್ನ ಮನೆಗೆ ಬರಬೇಕೆಂದನಂತೆ. "ತರ್ತೀನಪಾ," ಎಂದಳಂತೆ ಮುದುಕಿ ಫಕೀರವ್ವ, "ಕೆಳಗಿಳಿದು ಅವನ್ನ ಒಂದು ಮಾತು ಕೇಳಿ ಬಾ." ಗೌಡ ನಗುತ್ತಲೇ ಇಳಿದ. ಎಪ್ಪತ್ತೆರಡನೆಯ ಮೆಟ್ಟಿಲ ಮೇಲೆ ಕೂತು, ಉಳಿಯ ಗೆರೆಗಳು ನಿಂತುಹೋದ ಜಾಗವನ್ನು ಕೈಯಿಂದ ಸವರಿದ. ಮೇಲೆ ಬಂದಾಗ ನಗುತ್ತಿರಲಿಲ್ಲ. ಮೊದಲ ಕೊಡ ಇಂದಿಗೂ ಆ ಕಲ್ಲಿಗೇ ಬೀಳುತ್ತದೆ.