ಬೆಳ್ಳಿ ವ್ಯಾಪಾರಿಯ ಹಗುರ ಸೈಕಲ್

“ಅಜ್ಜಾರ, ಎಲ್ಲಾ ಬಿಟ್ಟವಗ ಗವಿಗೆ ಹೋಗಾಕ ಅಪ್ಪಣಿ ಯಾವಾಗ ಸಿಗ್ತೈತ್ರಿ?” ಎಂದು ಶಿಷ್ಯ ಮುರಿಗೆಪ್ಪ ಗುರುಗಳನ್ನು ಕೇಳಿದ.

ಮಠದಲ್ಲಿ ಮಧ್ಯಾಹ್ನದ ಪ್ರಸಾದ ಆಗಷ್ಟೇ ಮುಗಿದಿತ್ತು. ಗುರುಗಳು ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಮಠದ ಹಿಂದಿನ ಬೆಟ್ಟದ ಮೇಲೆ ಒಂದು ಗವಿ ಇತ್ತು. ಅಲ್ಲಿ ಒಂದು ವರ್ಷ ಮೌನವಾಗಿ ಕೂರಬೇಕೆಂಬುದು ಮುರಿಗೆಪ್ಪನ ಬಹುದಿನದ ಆಸೆ. ಗುರುಗಳು ಹೂಂ ಎನ್ನದೆ ಯಾರೂ ಅಲ್ಲಿಗೆ ಹೋಗುವಂತಿರಲಿಲ್ಲ.

“ಏನೇನ್ ಬಿಟ್ಟೀಯಪಾ?” ಎಂದರು ಗುರುಗಳು.

ಮುರಿಗೆಪ್ಪ ಈ ಪ್ರಶ್ನೆಗೇ ಕಾದಿದ್ದವನಂತೆ ಶುರುಮಾಡಿದ. ಮೊದಲು ಹೂದೋಟಕ್ಕೆ ನೀರು ಹೊರುವುದನ್ನು ಬಿಟ್ಟಿದ್ದ, ಅದು ಜಪಕ್ಕೆ ಅಡ್ಡ ಬರುತ್ತಿತ್ತು. ಆಮೇಲೆ ಅಂಗಳ ಗುಡಿಸುವುದನ್ನು ಬಿಟ್ಟ, ಧೂಳಿಗೆ ಸೀನು ಬಂದು ಧ್ಯಾನ ಕೆಡುತ್ತಿತ್ತು. ಕಡೆಗೆ ಅಡುಗೆಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟ. ಈಗ ಮನಸ್ಸು ಹತ್ತಿಯಷ್ಟು ಹಗುರವಾಗಿದೆ ಎಂದ.

“ಗವಿಯಾಗ ನನಗೇನೂ ಬ್ಯಾಡ್ರಿ ಅಜ್ಜಾರ. ದಿನಕ್ಕೊಮ್ಮೆ ಗಂಜಿ ಬಂದ್ರ ಸಾಕು.”

ಗುರುಗಳು ಅವನಿಗೆ ಪಕ್ಕದಲ್ಲಿ ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ದೇಶದಲ್ಲಿ ಒಂದು ಹಳೆಯ ಕಾಡು. ಅಲ್ಲಿನ ಮರಗಳನ್ನು ನೆಟ್ಟವರು ಯಾರೂ ಇಲ್ಲ, ಕಡಿದವರೂ ಇಲ್ಲ. ಕಾಡಿನ ನಡುವೆ, ಹಿಂದೊಮ್ಮೆ ಬೆಂಕಿ ಉಗುಳಿ ಸುಮ್ಮನಾದ ಒಂದು ಬೆಟ್ಟ. ಬೆಂಕಿ ಬಂದ ಬಾಯಲ್ಲಿ ಈಗ ನೀರು ನಿಂತು ಕೆರೆಯಾಗಿತ್ತು. ಕೆಳಗಿನ ಪೇಟೆಯಿಂದ ಆ ಕೆರೆಯ ತನಕ ಡಾಂಬರಿಲ್ಲ, ಬರೀ ಗರಸಿನ ದಾರಿ. ದಾರಿಯ ತುಂಬ ಸುಟ್ಟ ಕರಿಕಲ್ಲಿನ ಹರಳು, ಒಂದೊಂದೂ ಚೂರಿಯ ಹಾಗೆ.

ಪೇಟೆಯ ವ್ಯಾಪಾರಿಗಳಿಗೆ ಸೈಕಲ್ ಹುಚ್ಚು. ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿ, ದಪ್ಪ ಟೈರಿನ ಸೈಕಲ್ ಏರಿ ಕೆರೆಗೆ ಹೊರಡುವರು. ಅಡುಗೆಯ ಸಾಮಾನನ್ನು ಹಂಚಿಕೊಂಡು ಒಯ್ಯುವರು. ದಂಡೆಯಲ್ಲಿ ಒಲೆ ಹೂಡಿ, ಬೇಯಿಸಿ ಉಣ್ಣುವರು. ಇದ್ದದ್ದು ಒಂದೇ ಕಟ್ಟುಪಾಡು. ಕೆರೆಗೆ ಎಲ್ಲರಿಗಿಂತ ಕೊನೆಗೆ ಬಂದವನು ಎಲ್ಲರ ಪಾತ್ರೆ ತಿಕ್ಕಬೇಕು.

ಅವರಲ್ಲಿ ಒಬ್ಬ ಬೆಳ್ಳಿ ವ್ಯಾಪಾರಿ. ವರ್ಷ ವರ್ಷವೂ ಅವನೇ ಕೊನೆ. ಅಂಗಡಿಯಲ್ಲಿ ಬೆಳ್ಳಿ ಲೋಟಕ್ಕೆ ಗಿರಾಕಿಯ ಬೆರಳು ತಾಕಿದರೆ ಮಖಮಲ್ಲಿನಲ್ಲಿ ಒರೆಸುವ ಮನುಷ್ಯ, ಕೆರೆಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ತಳ ಹಿಡಿದ ಬೋಗುಣಿ ಉಜ್ಜುವುದು. ಮಿಕ್ಕವರು ಸುತ್ತ ನಿಂತು, ಇಲ್ಲೊಂದಿಷ್ಟು ಮಸಿ ಉಳಿದಿದೆ ಎಂದು ಬೆರಳು ಮಾಡಿ ತೋರಿಸುವರು. ಪೇಟೆಗೆ ಮರಳಿದ ಮೇಲೂ ಬಿಡುಗಡೆಯಿಲ್ಲ. “ಸಾವ್ಕಾರ್ರ, ಕೈಯಾಗಿನ ಮಸಿ ಹೋತೇನ್ರಿ?” ಎಂದು ಗಿರಾಕಿಗಳೇ ಕೇಳುವರು. ಅವನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಈ ಸಲ ಏನೇ ಆಗಲಿ, ಪಾತ್ರೆ ಮುಟ್ಟುವುದಿಲ್ಲ ಎಂದು ಹಟ ಹಿಡಿದ.

ತಾನು ನಿಧಾನವಲ್ಲ, ತನ್ನ ಸೈಕಲ್ಲು ಭಾರ ಎಂದು ಅವನಿಗೆ ಹೊಳೆಯಿತು. ಬೆಳ್ಳಿ ತೂಗುವ ತಕ್ಕಡಿಯನ್ನು ಮನೆಗೆ ತಂದ. ಗಂಟೆ ಬಿಚ್ಚಿ ತೂಗಿದ. ಕಾಡಿನಲ್ಲಿ ಯಾರಿಗೆ ಬಾರಿಸುವುದು ಎಂದು ತೆಗೆದಿಟ್ಟ. ಸ್ಟ್ಯಾಂಡ್ ತೆಗೆದ, ಮರಕ್ಕೆ ಒರಗಿಸಿದರಾಯಿತು. ಮಡ್‌ಗಾರ್ಡ್ ತೆಗೆದ, ಕೆಸರು ಬಡಿದರೆ ಬಡಿಯಲಿ. ಗಾಳಿ ಹೊಡೆಯುವ ಪಂಪು, ಪಂಕ್ಚರ್ ಸಾಮಾನು, ಸ್ಪ್ಯಾನರು, ನೀರಿನ ಬಾಟಲಿ, ಎಲ್ಲವನ್ನೂ ತೂಗಿ ತೂಗಿ ಪಕ್ಕಕ್ಕಿಟ್ಟ. ಒಂದು ಸಂಜೆ ಮೀಸೆ ಬೋಳಿಸಿಕೊಂಡು, ಆ ಕೂದಲನ್ನು ಕಾಗದದಲ್ಲಿ ಕಟ್ಟಿ ತಂದು ಅದನ್ನೂ ತಕ್ಕಡಿಗೆ ಹಾಕಿದ. ಮೂರು ಗುಲಗಂಜಿ ತೂಗಿತು. ಇಷ್ಟು ವರ್ಷ ಇದನ್ನು ಸುಮ್ಮನೆ ಹೊತ್ತೆನಲ್ಲ ಎಂದು ಮರುಗಿದ.

ಹೆಂಡತಿ ಎಲ್ಲವನ್ನೂ ನೋಡುತ್ತಲೇ ಇದ್ದಳು.

“ಅಲ್ರೀ, ಮೀಸಿ ಹೋತು, ಛಲೋ ಆತು. ಹೊಟ್ಟಿ?”

“ಹೊಟ್ಟಿ ಸೈಕಲ್ಲಿನ ಸಾಮಾನಲ್ಲ,” ಎಂದು ಅವನು ಗಂಭೀರವಾಗಿ ಹೇಳಿದ.

ಇಲ್ಲಿಯವರೆಗೆ ಕೇಳಿದ ಮುರಿಗೆಪ್ಪನಿಗೆ ಬಹಳ ಹಿತವಾಯಿತು. ಒಂದೊಂದಾಗಿ ಬಿಡುತ್ತ ಹೋಗುವವನ ಕತೆ ಎಂದರೆ ತನ್ನದೇ ಕತೆ. ಅವನು ತನ್ನ ಬೋಳುತಲೆಯನ್ನು ಮೆಲ್ಲಗೆ ಸವರಿಕೊಂಡ. ನಡುವೆ ಹೊಟ್ಟೆಯ ಮಾತು ಯಾಕೆ ಬಂತೆಂದು ಮಾತ್ರ ತಿಳಿಯಲಿಲ್ಲ. ಗುರುಗಳು ಮುಂದುವರಿಸಿದರು.

ಹೊರಡುವ ದಿನ ಬಂತು. ಬೆಳ್ಳಿ ವ್ಯಾಪಾರಿಯ ಪಾಲಿಗೆ ಬಂದದ್ದು ಒಂದು ಪೊಟ್ಟಣ ಉಪ್ಪು. ಪಾಪ, ಸದಾ ಹಿಂದೆ ಬೀಳುತ್ತಾನೆಂದು ಎಲ್ಲರೂ ಸೇರಿ ಅದನ್ನೇ ಅವನಿಗೆ ಬಿಟ್ಟಿದ್ದರು. ಅವನು ಪೊಟ್ಟಣವನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿ ನೋಡಿದ. ಮುಖ ಸಣ್ಣದಾಯಿತು. ಎದುರಂಗಡಿಯ ಎಣ್ಣೆ ವ್ಯಾಪಾರಿ ಪಕ್ಕದಲ್ಲೇ ನಿಂತಿದ್ದ. ಅವನ ಸೈಕಲ್ಲಿಗೆ ಎರಡೂ ಕಡೆ ಚೀಲ. ಅಕ್ಕಿ, ಬೋಗುಣಿ, ಪಂಪು, ನೀರು, ಮೇಲೊಂದು ಕಂಬಳಿ.

“ಅಣ್ಣಾ, ನಿನ್ನ ಚೀಲದಾಗ ಜಾಗಾ ಐತೆಲ್ಲ?”

“ಹಾಕಪಾ. ಇಷ್ಟರಾಗ ಅದೊಂದೇನ್ ಭಾರ,” ಎಂದ ಎಣ್ಣೆ ವ್ಯಾಪಾರಿ.

ಉಪ್ಪು ಕೈಬಿಟ್ಟದ್ದೇ ಬೆಳ್ಳಿ ವ್ಯಾಪಾರಿ ಹಾರಿದ. ಬೇರುಗಳ ಮೇಲೆ ಜಿಗಿದ, ತಿರುವುಗಳಲ್ಲಿ ವಾಲಿದ, ಏರನ್ನು ಏದುಸಿರು ಬಿಡುತ್ತ ಹತ್ತಿದ. ಹಿಂದಿರುಗಿ ನೋಡಿದರೆ ಯಾರೂ ಇಲ್ಲ. ಹುಟ್ಟಿದ ಮೇಲೆ ಮೊದಲ ಸಲ ಅವನು ಎಲ್ಲರಿಗಿಂತ ಮುಂದಿದ್ದ. ಖುಷಿ ತಡೆಯಲಾರದೆ ಹಾಡೋಣವೆಂದು ಬಾಯಿ ತೆರೆದ. ಅವನಿಗಿಂತ ಮೊದಲು ಹಿಂದಿನ ಚಕ್ರ ಬುಸ್ ಎಂದಿತು.

ಕರಿಕಲ್ಲಿನ ಹರಳೊಂದು ಟೈರನ್ನು ತೂತು ಮಾಡಿತ್ತು. ತೇಪೆ ಹಾಕೋಣವೆಂದರೆ ಸಾಮಾನು ಮನೆಯಲ್ಲಿ. ಗಾಳಿ ಹೊಡೆಯೋಣವೆಂದರೆ ಪಂಪು ಮನೆಯಲ್ಲಿ. ಗಂಟಲು ಒಣಗಿತು, ನೀರೂ ಮನೆಯಲ್ಲಿ. ಗಂಟೆ ಬಾರಿಸಿ ಯಾರನ್ನಾದರೂ ಕರೆಯೋಣವೆಂದರೆ ಅದೂ ಮನೆಯಲ್ಲಿ ಮೀಸೆಯ ಪಕ್ಕದಲ್ಲಿತ್ತು. ಮಸಿ ಹಿಡಿದ ಬೋಗುಣಿಗಳು ಅವನ ಕಣ್ಣ ಮುಂದೆ ಸಾಲುಗಟ್ಟಿದವು. ದಾರಿಯ ನಡುವೆ ಕೂತು ಅತ್ತೇಬಿಟ್ಟ.

ಜವಳಿ ವ್ಯಾಪಾರಿ ಬಂದ, ಕನಿಕರಪಟ್ಟು ಒಂದು ಟ್ಯೂಬು ಕೊಟ್ಟು ಹೋದ. ಬೆಲ್ಲದ ವ್ಯಾಪಾರಿ ಬಂದ, ಒಂದು ಸ್ಪ್ಯಾನರು ಕೊಟ್ಟು ಹೋದ. ಇನ್ನುಳಿದವರು ಧೈರ್ಯ ಕೊಟ್ಟು ಹೋದರು. ಬೆಳ್ಳಿ ವ್ಯಾಪಾರಿ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ, ಯಾಕೆಂದರೆ ಚಕ್ರ ಬಿಚ್ಚುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಎಲ್ಲರ ಹಿಂದೆ, ಎರಡು ಚೀಲ ಒಂದು ಕಂಬಳಿಯೊಂದಿಗೆ, ಎಣ್ಣೆ ವ್ಯಾಪಾರಿ ಬಂದ. ನಿಂತ. ಏನೂ ಕೇಳದೆ ಕಂಬಳಿ ಹಾಸಿ ಸಾಮಾನು ಹರವಿದ. ಚಕ್ರ ಬಿಚ್ಚಿದ, ಟ್ಯೂಬು ಬದಲಿಸಿದ, ಬೆವರು ಇಳಿಯುವ ತನಕ ಪಂಪು ಹೊಡೆದ. ಬೆಳ್ಳಿ ವ್ಯಾಪಾರಿ ಅಷ್ಟರಲ್ಲಿ ಅವನ ಬಾಟಲಿಯ ನೀರು ಕುಡಿದು ಮುಗಿಸಿದ.

ಚಕ್ರ ಕೂತಿತು. ಎಣ್ಣೆ ವ್ಯಾಪಾರಿ ಬಗ್ಗಿ ಸಾಮಾನು ಆರಿಸತೊಡಗಿದ. ಬೆಳ್ಳಿ ವ್ಯಾಪಾರಿ ಹಿಂದೆ ನೋಡಿದ, ಮುಂದೆ ನೋಡಿದ. ಎಲ್ಲರೂ ದಾಟಿ ಹೋಗಿದ್ದರು. ಉಳಿದವರು ಇವರಿಬ್ಬರೇ. ಇಬ್ಬರಲ್ಲಿ ಒಬ್ಬನು ಪಾತ್ರೆ ತಿಕ್ಕಬೇಕು. ಅವನು ಸದ್ದಿಲ್ಲದೆ ಸೈಕಲ್ ಏರಿದ.

“ಅಣ್ಣಾ, ಭಾಳ ಉಪಕಾರ ಆತು!” ಎಂಬ ಕೂಗು ತಿರುವಿನಾಚೆಯಿಂದ ಕೇಳಿಸಿತು.

ಎಣ್ಣೆ ವ್ಯಾಪಾರಿ ಕೆರೆ ಮುಟ್ಟಿದಾಗ ಅವನೇ ಕೊನೆ. ಅಕ್ಕಿ ಅವನ ಚೀಲದಲ್ಲಿದ್ದುದರಿಂದ ಎಲ್ಲರೂ ಅವನಿಗೇ ಕಾಯುತ್ತಿದ್ದರು. ಉಂಡದ್ದಾಯಿತು. ಕಟ್ಟುಪಾಡು ಕಟ್ಟುಪಾಡೇ, ಅವನು ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕಿದ. ಬೆಳ್ಳಿ ವ್ಯಾಪಾರಿ ನೆರಳಿನಲ್ಲಿ ಕಾಲು ಚಾಚಿ ಎಲ್ಲರಿಗೂ ಬುದ್ಧಿ ಹೇಳಿದ.

“ನನ್ನಂಗ ಬಿಡೂದು ಕಲೀರಿ. ಮನಷ್ಯಾ ಹಗುರ ಆಗಬೇಕ್ರಿ, ಹಗುರ!” ಆಮೇಲೆ ಕತ್ತು ಚಾಚಿ ನೋಡಿ, “ಅಣ್ಣಾ, ಅಲ್ಲೊಂದೀಟು ಮಸಿ ಉಳದೈತಿ,” ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪ ಸ್ವಲ್ಪ ಹೊತ್ತು ಕಾದ. ಕತೆ ಮುಂದೆ ಹೋಗಲಿಲ್ಲ. ಅವನಿಗೆ ಸಿಟ್ಟು ನೆತ್ತಿಗೇರಿತು.

“ಇದೆಂಥಾ ಕತೀರಿ ಅಜ್ಜಾರ! ಅವ ಎಲ್ಲಿ ಹಗುರ ಆಗಿದ್ದ? ಅವನ ಭಾರಾ ಎಲ್ಲಾ ಆ ಎಣ್ಣೆಯಂವನ ಚೀಲದಾಗಿತ್ತು. ಅಂಥಾವನ್ನ ಎತ್ತಿ ಆ ಕೆರೀಗೆ ಒಗೀಬೇಕಿತ್ತು!”

ಅಡುಗೆಮನೆಯ ಹಿಂದೆ ಯಾರೋ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ಮಧ್ಯಾಹ್ನ ಮುರಿಗೆಪ್ಪ ಉಂಡ ತಟ್ಟೆಯೂ ಅದರಲ್ಲಿತ್ತು. ಗುರುಗಳು ಎದ್ದು, ಅವನ ಹೆಗಲ ಮೇಲೆ ಕೈಯಿಟ್ಟರು.

“ನಾಳೇನ ಗವಿಗೆ ಹೋಗು ತಮ್ಮಾ, ಆದ್ರ ನಿನ್ನ ಗಂಜಿ ಹೊತ್ಕೊಂಡು ಬೆಟ್ಟಾ ಹತ್ತಾವ ಯಾರಂತ ಹೇಳಿ ಹೋಗು.”

ಮುರಿಗೆಪ್ಪನ ಮೌನ ಅಂಗಳದಲ್ಲೇ ಶುರುವಾಯಿತು.